ನಿಮಗಿದು ಗೊತ್ತೆ? ಆಡದ ಎಲೆಯಿಂದಲೂ ಅಂಕ!

ನೆಲಕ್ಕೆ ಇಳಿಸದೆ ಕೈಯಲ್ಲೇ ಹಿಡಿದುಕೊಂಡಾಗ ಮಾತ್ರ ಫಲ ಕೊಡುವ ಇಸ್ಪೀಟು ಎಲೆಯೊಂದಿದೆ. 2024ರ ಫೆಬ್ರುವರಿಯಲ್ಲಿ ಬಿಡುಗಡೆಯಾದ, ಪೋಕರ್ ನಿಯಮಗಳನ್ನು ಆಧರಿಸಿ ಆಟಗಾರನು ತನ್ನ ಕಟ್ಟನ್ನು ತಾನೇ ತಿದ್ದಿಕೊಳ್ಳುತ್ತ ಸಾಗುವ ‘ಬಲಾಟ್ರೊ’ ಎಂಬ ವಿಡಿಯೊ ಗೇಮ್‌ನಲ್ಲಿ ‘ರಥ’ ಎಂಬ ಟ್ಯಾರೋ ಎಲೆಯನ್ನು ಬಳಸಿದರೆ ಸಾಧಾರಣ ಎಲೆ ಉಕ್ಕಿನದಾಗುತ್ತದೆ. ಅದು ಕೈಯಲ್ಲಿ ಉಳಿದಿರುವಾಗ ಗುಣಕವನ್ನು, ಅಂದರೆ ಆಡಿದ ಎಲೆಗಳ ಮೌಲ್ಯವನ್ನು ಗುಣಿಸುವ ಸಂಖ್ಯೆಯನ್ನು, ಒಂದೂವರೆ ಪಟ್ಟು ಮಾಡುತ್ತದೆ. 8 ಎಲೆಗಳಲ್ಲಿ 5ನ್ನು ಆಡಿ, ಉಳಿದ 3 ಉಕ್ಕಿನವಾಗಿದ್ದರೆ ಗುಣಕ 3.375 ಪಟ್ಟಾಗುತ್ತದೆ, ಒಂದನ್ನೇ ಆಡಿ 7 ಉಕ್ಕಿನ ಎಲೆಗಳನ್ನು ಹಿಡಿದರೆ 17 ಪಟ್ಟು ದಾಟುತ್ತದೆ. ಗಾಜಿನ ಎಲೆಯ ಗುಣ ಬೇರೆ: ಆಡಿದಾಗ ಗುಣಕವನ್ನು ಇಮ್ಮಡಿಸಿದರೂ ನಾಲ್ಕರಲ್ಲೊಮ್ಮೆ ಒಡೆದು ಕಟ್ಟಿನಿಂದಲೇ ಮಾಯವಾಗುವ ಸಂಭವವಿರುವುದರಿಂದ ಅದನ್ನು ಕಠಿಣ ಸುತ್ತಿಗೆ ಕಾಯ್ದಿರಿಸುವುದೇ ಜಾಣತನ. ರಮ್ಮಿಯಲ್ಲಿ ಜೋಡಣೆಯಾಗದೆ ಕೈಯಲ್ಲುಳಿದ ರಾಜನಿಗೆ 10 ಅಂಕದ ದಂಡವಿದ್ದರೆ, ಇಲ್ಲಿ ‘ಬ್ಯಾರನ್’ ಎಂಬ ಜೋಕರ್ ಜೊತೆಗಿರುವಾಗ ಕೈಯಲ್ಲುಳಿದ ಒಬ್ಬನೇ ಉಕ್ಕಿನ ರಾಜ ಗುಣಕವನ್ನು 2.25 ಪಟ್ಟು ಹೆಚ್ಚಿಸುತ್ತಾನೆ.