ಹಿಂದಕ್ಕೆ ತುಳಿದು ಬೆಟ್ಟ ಹತ್ತುವ ಸೈಕಲ್

ಸೈಕಲ್ ಓಡುತ್ತಿದೆ. ಸವಾರ ಬಲಗೈಯನ್ನು ಬೆನ್ನ ಹಿಂದೆ ಇಳಿಬಿಟ್ಟು, ಸೀಟಿನಿಂದ ಹಿಂಚಕ್ರಕ್ಕೆ ಇಳಿಯುವ ಕೊಳವೆಯ ಪಕ್ಕದಲ್ಲಿರುವ ಒಂದು ಹಿಡಿಯನ್ನು ತಿರುಗಿಸುತ್ತಾನೆ. ಹಿಂಚಕ್ರ ಸಡಿಲವಾಗುತ್ತದೆ. ಹೌದು, ಅವನು ಮೇಲೆ ಕೂತಿರುವಾಗಲೇ. ಈಗ ಪೆಡಲನ್ನು ಹಿಂದಕ್ಕೆ ತುಳಿಯುತ್ತ, ಕೆಳಗಿನ ಇನ್ನೊಂದು ಹಿಡಿಯಿಂದ ಚೈನನ್ನು ಪಕ್ಕದ ಹಲ್ಲುಚಕ್ರಕ್ಕೆ ದಾಟಿಸುತ್ತಾನೆ. ದೊಡ್ಡ ಹಲ್ಲುಚಕ್ರಕ್ಕೆ ದಾಟಿದರೆ ಚೈನಿನ ಎಳೆತಕ್ಕೆ ಹಿಂಚಕ್ರ ಸ್ವಲ್ಪ ಮುಂದೆ ಬರುತ್ತದೆ; ಚಿಕ್ಕದಕ್ಕೆ ದಾಟಿದರೆ ಸವಾರನ ಭಾರಕ್ಕೆ ಹಿಂದೆ ಸರಿದು ಚೈನನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಮೊದಲ ಹಿಡಿಯನ್ನು ಮತ್ತೆ ತಿರುಗಿಸಿ ಬಿಗಿದರೆ ಒಂದು ಗೇರ್ ಬದಲಾಯಿತು.

ಇದರ ಹೆಸರು ಕಾಂಬಿಯೊ ಕೊರ್ಸ. ಇಟಲಿಯ ವಿಚೆಂಜಾದ ತುಲ್ಲಿಯೊ ಕಾಂಪಾನ್ಯೊಲೊ ಮಾಡಿದ ಈ ಸಲಕರಣೆ ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಆ ದೇಶದ ಅನೇಕ ಒಳ್ಳೆಯ ರೇಸ್ ಸೈಕಲ್ಲುಗಳ ಮೇಲೆ ಕಾಣಿಸುತ್ತಿತ್ತು. ಜೀನೊ ಬಾರ್ತಲಿ 1948ರ ಟೂರ್ ದ ಫ್ರಾನ್ಸ್ ಗೆದ್ದದ್ದು ಇದರ ಮೇಲೆಯೇ. 1938ರಲ್ಲಿ ಒಮ್ಮೆ ಗೆದ್ದು, ನಡುವೆ ಯುದ್ಧ ಕಳೆದು, ಹತ್ತು ವರ್ಷಗಳ ಮೇಲೆ 34ನೇ ವಯಸ್ಸಿನಲ್ಲಿ ಮತ್ತೆ ಗೆದ್ದ ಆಸಾಮಿ ಅವನು. ಆಲ್ಪ್ಸ್ ಕಣಿವೆಗಳಲ್ಲಿ ಪ್ರತಿ ಸಲ ಗೇರು ಬದಲಿಸುವಾಗಲೂ ಅವನ ಕೈ ಹೀಗೆ ಬೆನ್ನ ಹಿಂದೆ ಇಳಿಯಬೇಕಿತ್ತು.

ಇಷ್ಟು ಸರ್ಕಸ್ಸು ಏಕೆ ಬೇಕಿತ್ತು ಎಂದು ಕೇಳುವವರು ಅದಕ್ಕಿಂತ ಹಿಂದಿನ ಪಾಡು ನೋಡಬೇಕು. ಆಗ ಹಿಂಚಕ್ರದ ಎರಡೂ ಬದಿಗೆ ಒಂದೊಂದು ಹಲ್ಲುಚಕ್ರ ಇರುತ್ತಿತ್ತು, ಒಂದು ಸಮತಟ್ಟು ದಾರಿಗೆ, ಇನ್ನೊಂದು ಏರಿಗೆ. ಬೆಟ್ಟದ ಬುಡದಲ್ಲಿ ಇಳಿದು, ಕಿವಿಯಿರುವ ನಟ್ಟು ಬಿಚ್ಚಿ, ಚಕ್ರ ತೆಗೆದು ತಿರುವಿ ಹಾಕಿ ಮತ್ತೆ ಹೊರಡುವುದು. 1927ರಲ್ಲಿ ಕ್ರೋಚೆ ದಾವುನೆ ಎಂಬ ಕಣಿವೆಯಲ್ಲಿ ಹಿಮ ಬೀಳುತ್ತಿದ್ದಾಗ, ತಾನೂ ಸವಾರನಾಗಿದ್ದ ಕಾಂಪಾನ್ಯೊಲೊನ ಮರಗಟ್ಟಿದ ಬೆರಳುಗಳಿಗೆ ಆ ನಟ್ಟು ತಿರುಗಲೇ ಇಲ್ಲವಂತೆ. ಹಿಂಬದಿಯಲ್ಲಿ ಏನಾದರೂ ಬದಲಾಗಲೇಬೇಕು ಎಂದು ಗೊಣಗಿಕೊಂಡನಂತೆ. ಕಂಪನಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ ಇದು, ಅದಕ್ಕೆ ತಕ್ಕಷ್ಟು ಉಪ್ಪುಖಾರ ಸೇರಿರಲಿಕ್ಕೂ ಸಾಕು. ಆದರೆ ಆಮೇಲೆ ಬಂದ ಅವನ ಹಿಡಿ ಕತೆಯಲ್ಲ. ಒಂದೇ ಹಿಡಿ ಮಡಚಿದರೆ ಚಕ್ರ ಬಿಗಿ, ಬಿಡಿಸಿದರೆ ಸಡಿಲ. ಇಂದು ಬೆಂಗಳೂರಿನ ಎಷ್ಟೋ ಗೇರ್ ಸೈಕಲ್ಲುಗಳ ಚಕ್ರ ತೆಗೆಯುವಾಗ ನಾವು ಎಳೆಯುವ ಹಿಡಿಯ ಮೂಲ ಅದೇ. 1933ರಲ್ಲಿ ಅವನ ಕಾರ್ಖಾನೆ ಶುರುವಾಯಿತು. ಅತ್ತ ಟೂರ್ ದ ಫ್ರಾನ್ಸ್ ನಡೆಸುವವರು, ಸವಾರನ ಕಾಲೇ ಗೆಲ್ಲಬೇಕು ಯಂತ್ರವಲ್ಲ ಎಂಬ ಹಟದಲ್ಲಿ ಚೈನ್ ದಾಟಿಸುವ ಗೇರುಗಳನ್ನು 1937ರವರೆಗೂ ಒಳಗೆ ಬಿಟ್ಟಿರಲಿಲ್ಲ.

ಕಾಂಬಿಯೊ ಕೊರ್ಸಕ್ಕೆ ಒಂದು ದೊಡ್ಡ ಗುಣವಿದೆ. ಚೈನನ್ನು ಬಿಗಿಯಾಗಿಡಲು ಈಗಿನ ಸೈಕಲ್ಲುಗಳಲ್ಲಿ ಜೋತುಬಿದ್ದಿರುವ ಎರಡು ಪುಟ್ಟ ಗಾಲಿಗಳು ಅದರಲ್ಲಿಲ್ಲ. ಚೈನು ನೇರ ಹೋಗುತ್ತದೆ, ನೇರ ಬರುತ್ತದೆ. ತುಳಿದ ಬಲ ಅಷ್ಟಾಗಿ ಸೋರುವುದಿಲ್ಲ, ಸದ್ದೂ ಕಡಿಮೆ. ಆದರೆ ಗುಂಪಿನಲ್ಲಿ ಓಡುವಾಗ ಗೇರ್ ಬದಲಿಸುವುದೆಂದರೆ ಆ ಕ್ಷಣ ತುಳಿತ ನಿಂತಂತೆಯೇ. 1950ರ ಪ್ಯಾರಿಸ್–ರೂಬೆ ರೇಸನ್ನು ಫೌಸ್ತೊ ಕೊಪ್ಪಿ ಗೆದ್ದದ್ದು ಎರಡು ಹಿಡಿಗಳ ಕೆಲಸವನ್ನು ಒಂದೇ ಹಿಡಿ ಮಾಡುವ ಇದರ ಸುಧಾರಿತ ರೂಪದಲ್ಲಿ. ಅಷ್ಟರಲ್ಲೇ ಕಾಂಪಾನ್ಯೊಲೊ ಗ್ರಾನ್ ಸ್ಪೋರ್ಟ್ ಎಂಬ ಹೊಸ ಗೇರ್ ಹೊರತಂದು ತನ್ನ ಹಳೆಯ ಚಮತ್ಕಾರವನ್ನು ತಾನೇ ಮೂಲೆಗೆ ತಳ್ಳಿದ. ಇವತ್ತಿನ ಎಲ್ಲ ರೇಸ್ ಗೇರುಗಳೂ ಆ ಗ್ರಾನ್ ಸ್ಪೋರ್ಟ್ ವಂಶದವೇ.

ಗೇರು ಇಷ್ಟು ಬೇಗ ಹಳತಾಯಿತು, ಫ್ರೇಮ್ ಆಗಲಿಲ್ಲ. ಮಿಲಾನಿನ ಕೊಲಂಬಸ್ ಕಂಪನಿಯ ಉಕ್ಕಿನ ಕೊಳವೆಗಳನ್ನೇ ನೋಡಿ. ಅವರ ಎಸ್‌ಎಲ್ ಎಂಬ ಬಗೆಯಲ್ಲಿ ತುದಿಗಳ ದಪ್ಪ 0.9 ಮಿ.ಮೀ., ನಡುವೆ ಬರೀ 0.6. ಹೊರಗಿನಿಂದ ಒಂದೇ ಅಳತೆ ಕಾಣುತ್ತದೆ, ತೆಳುವೆಲ್ಲ ಒಳಗೆ. ಬೆಸುಗೆಯ ಶಾಖ ತಾಗುವ ತುದಿಯಲ್ಲಿ ಬಲ ಬೇಕು, ನಡುವೆ ಭಾರ ಬೇಡ ಎಂಬುದು ಲೆಕ್ಕ. ಕೊಳವೆಗಳು ಸೇರುವಲ್ಲಿ ಲಗ್ ಎಂಬ ಉಕ್ಕಿನ ತೋಳು ತೊಡಿಸಿ, ಸಂದಿಗೆ ಹಿತ್ತಾಳೆಯನ್ನೋ ಬೆಳ್ಳಿ ಬೆರೆತ ಲೋಹವನ್ನೋ ಕರಗಿಸಿ ಹರಿಸುತ್ತಾರೆ. ಹಿತ್ತಾಳೆಗೆ 900 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಶಾಖ ಬೇಕು, ಬೆಳ್ಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಕೊಂಚ ಹೆಚ್ಚು ಹೊತ್ತು ಜ್ವಾಲೆ ಹಿಡಿದರೆ ತೆಳು ಉಕ್ಕು ಸತ್ವ ಕಳೆದುಕೊಳ್ಳುತ್ತದೆ. ಕೆಲಸ ಗೊತ್ತಿದ್ದವನು ಕೆಂಪಿನ ಛಾಯೆ ನೋಡಿಯೇ ಕೈ ಹಿಂದೆ ತೆಗೆಯುತ್ತಾನೆ.

ಹಳೆಯ ಇಟಾಲಿಯನ್ ಸೈಕಲ್ ಬಲ್ಲವರು ಮೊದಲು ಬಗ್ಗಿ ನೋಡುವುದು ಈ ಲಗ್ಗುಗಳನ್ನೇ. ಅಂಚನ್ನು ಅರದಿಂದ ಉಜ್ಜಿ ಎಷ್ಟು ತೆಳುವಾಗಿಸಿದ್ದಾರೆ, ಬಣ್ಣದ ಅಡಿಯಲ್ಲೂ ಗೆರೆ ಚೂಪಾಗಿ ಕಾಣುತ್ತದೆಯೇ? ಫಾಲಿಯೆರೊ ಮಾಸಿಯ ಕಾರ್ಖಾನೆ ಮಿಲಾನಿನ ವಿಗೊರೆಲ್ಲಿ ಸೈಕಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೇ ಇತ್ತು. ದೊಡ್ಡ ದೊಡ್ಡ ಸವಾರರ ಸೈಕಲ್ಲುಗಳ ಮೈಮೇಲೆ ಹಣ ಕೊಟ್ಟ ಕಂಪನಿಯ ಹೆಸರಿದ್ದರೂ ಒಳಗಿನ ಕೈಕೆಲಸ ಅವನದಾಗಿರುತ್ತಿತ್ತು. 1954ರಲ್ಲಿ ಕಂಬ್ಯಾಗೊ ಊರಿನಲ್ಲಿ ಪುಟ್ಟ ಅಂಗಡಿ ತೆರೆದ ಎರ್ನೆಸ್ತೊ ಕೊಲ್ನಾಗೊ ಮಾಡಿದ ಸೈಕಲ್ಲಿನ ಮೇಲೆ ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಒಂದು ಗಂಟೆಗೆ 49.431 ಕಿ.ಮೀ. ತುಳಿದ. ಇಸ್ಪೀಟಿನ ಕ್ಲಾವರ್ ಎಲೆ ಕೊಲ್ನಾಗೊನ ಗುರುತು. ಬಿಯಾಂಕಿ ಕಂಪನಿಯದು ಆಕಾಶಕ್ಕೂ ಸಮುದ್ರಕ್ಕೂ ನಡುವಿನ ಆ ಹಸಿರುನೀಲಿ. ಕೊಪ್ಪಿಯ ಕಾಲದಿಂದ ಆ ಬಣ್ಣ ಕಂಡರೆ ಇಟಲಿಯವರಿಗೆ ಹೆಸರು ಓದಬೇಕಿಲ್ಲ.

ಈ ಟೊಳ್ಳು ಕೊಳವೆಗಳು ಇನ್ನೊಂದು ಕೆಲಸವನ್ನೂ ಮಾಡಿವೆ. ನಾಜಿಗಳು ಇಟಲಿಯಲ್ಲಿ ಯಹೂದಿಗಳನ್ನು ಹಿಡಿಯುತ್ತಿದ್ದಾಗ ಬಾರ್ತಲಿ ಅಭ್ಯಾಸದ ನೆಪದಲ್ಲಿ ಫ್ಲಾರೆನ್ಸಿನಿಂದ ಅಸ್ಸೀಸಿಯವರೆಗೆ ತುಳಿಯುತ್ತಿದ್ದ. ಅವರನ್ನು ಉಳಿಸುವ ನಕಲಿ ಗುರುತಿನ ಪತ್ರಗಳು ಫ್ರೇಮಿನೊಳಗೆ ಸುರುಳಿಯಾಗಿ ಅಡಗಿರುತ್ತಿದ್ದವು. ಇದನ್ನು ಅವನು ಬದುಕಿರುವವರೆಗೂ ಊರಿಗೆ ಸಾರಿದವನಲ್ಲ. ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಅವನನ್ನು ಗೌರವಿಸಿದ್ದು 2013ರಲ್ಲಿ, ಅವನು ತೀರಿಹೋಗಿ ಹದಿಮೂರು ವರ್ಷಗಳ ಮೇಲೆ.

ಓಡಿಸಲೆಂದೇ ಹಳೆಯ ಸೈಕಲ್ ಬೇಕೆನ್ನುವವರಿಗೆ ಕಾಂಬಿಯೊ ಕೊರ್ಸಕ್ಕಿಂತ 1960–70ರ ದಶಕದ್ದು ವಾಸಿ. ಅದರ ಗೇರ್ ಹಿಡಿಗಳು ಹ್ಯಾಂಡಲ್ಲಿನಲ್ಲಿಲ್ಲ, ಮೊಣಕಾಲ ಮುಂದಿನ ಇಳಿಜಾರು ಕೊಳವೆಯ ಮೇಲಿವೆ. ಕ್ಲಿಕ್ ಎಂದು ಕೂರುವ ಮೆಟ್ಟಿಲುಗಳಿಲ್ಲ. ಹಿಡಿಯನ್ನು ಸ್ವಲ್ಪ ಹೆಚ್ಚೇ ಎಳೆದು, ಚೈನು ಹತ್ತಿದ ಸದ್ದು ಕೇಳಿ, ಗರಗರ ನಿಲ್ಲುವಷ್ಟು ವಾಪಸು ಬಿಡಬೇಕು. ಕಿವಿ ಕಲಿಯುವವರೆಗೆ ಕೈಗೆ ತಿಳಿಯುವುದಿಲ್ಲ. ಏರು ಶುರುವಾದ ಮೇಲೆ ಗೇರ್ ಹುಡುಕಿದರೆ ಕೆಟ್ಟಿರಿ; ತಿರುವಿನಾಚೆ ಏನಿದೆ ಎಂದು ಊಹಿಸಿ ಮೊದಲೇ ಇಳಿಸಿಟ್ಟುಕೊಳ್ಳಬೇಕು. ಇಳಿಸುವುದಾದರೂ ಎಷ್ಟು? ಆ ಕಾಲದ ಕಾಂಪಾನ್ಯೊಲೊ ರೆಕಾರ್ಡ್ ಚೈನ್‌ವೀಲಿನಲ್ಲಿ ಸಾಮಾನ್ಯವಾಗಿ ಚಿಕ್ಕದಕ್ಕೇ 42 ಹಲ್ಲು, ಹಿಂದೆ ಹೆಚ್ಚೆಂದರೆ 26ರ ಆಸುಪಾಸು. ಈಗಿನ ಸೈಕಲ್ಲಿನಲ್ಲಿ ಮುಂದೆ 34, ಹಿಂದೆ 34 ಸಿಗುವವರಿಗೆ ಇದರ ಕಷ್ಟ ಮೊದಲ ಕಡಿದಾದ ಏರಿನಲ್ಲೇ ತೊಡೆಗೆ ತಿಳಿಯುತ್ತದೆ.

ಬ್ರೇಕು ಹಿಡಿದೊಡನೆ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಪಾದ ಪೆಡಲಿನ ಮೇಲಿನ ಲೋಹದ ಬುಟ್ಟಿಯೊಳಗೆ, ಅದಕ್ಕೆ ಚರ್ಮದ ಪಟ್ಟಿಯ ಬಿಗಿ. ನಿಲ್ಲಿಸುವ ಮುನ್ನ ಬಗ್ಗಿ ಪಟ್ಟಿ ಸಡಿಲಿಸಲು ಮರೆತವರು ಸಿಗ್ನಲ್ಲಿನಲ್ಲಿ ಮರದ ಕೊರಡಿನ ಹಾಗೆ ಪಕ್ಕಕ್ಕೆ ಉರುಳುತ್ತಾರೆ. ಟೈರಿನದು ಬೇರೆಯೇ ಕತೆ. ಟ್ಯೂಬನ್ನು ಒಳಗಿಟ್ಟು ಟೈರನ್ನು ಸುತ್ತ ಹೊಲಿದುಬಿಟ್ಟಿರುತ್ತಾರೆ, ಅದನ್ನು ರಿಮ್ಮಿಗೆ ಅಂಟಿನಿಂದ ಹಚ್ಚಬೇಕು. ಪಂಕ್ಚರ್ ಹಾಕಲು ಹೊಲಿಗೆ ಬಿಚ್ಚಿ, ತೇಪೆ ಹಾಕಿ, ಮತ್ತೆ ಸೂಜಿ ದಾರ ಹಿಡಿಯಬೇಕು. ದಾರಿಯಲ್ಲಿ ಆ ಗೋಜಿಲ್ಲ, ಸೀಟಿನ ಕೆಳಗೆ ಮಡಚಿ ಕಟ್ಟಿಕೊಂಡ ಇನ್ನೊಂದು ಟೈರನ್ನೇ ಹಾಕಿಕೊಳ್ಳುತ್ತಾರೆ. ಕೊಪ್ಪಿಯ ಕಾಲದ ಫೋಟೊಗಳಲ್ಲಿ ಸವಾರರ ಹೆಗಲ ಸುತ್ತ ಅಡ್ಡಡ್ಡ ಕಾಣುವುದು ಅದೇ.

ಇಷ್ಟಾಗಿಯೂ ಇದನ್ನು ತುಳಿಯುವುದೇಕೆ? ಇದಕ್ಕೆ ಉತ್ತರವಿರುವುದು ಇಟಲಿಯ ಟಸ್ಕನಿಯಲ್ಲಿ. ಅಲ್ಲಿ ಸಿಯೆನಾ ಸುತ್ತಲಿನ ದ್ರಾಕ್ಷಿ ತೋಟಗಳ ನಡುವೆ ಡಾಂಬರು ಕಾಣದ ಸುಣ್ಣಬಿಳಿ ಮಣ್ಣಿನ ದಾರಿಗಳಿವೆ. ಸ್ತ್ರಾದೆ ಬ್ಯಾಂಕೆ ಎನ್ನುತ್ತಾರೆ. ಅವು ಒಂದೊಂದಾಗಿ ಡಾಂಬರಿನಡಿ ಮಾಯವಾಗುವುದನ್ನು ತಡೆಯಬೇಕೆಂದು ಜಾನ್‌ಕಾರ್ಲೊ ಬ್ರೊಚ್ಚಿ 1997ರಲ್ಲಿ ಗಾಯೊಲೆ ಇನ್ ಕ್ಯಾಂತಿ ಎಂಬ ಊರಿನಲ್ಲಿ ಲೆರೊಯಿಕಾ ಸವಾರಿ ಶುರುಮಾಡಿದ. ಮೊದಲ ವರ್ಷ ಬಂದವರು 92 ಮಂದಿ, ಈಗ ಸಾವಿರಾರು. ಅರ್ಜಿ ಬರೆದೋ ಧರಣಿ ಕೂತೋ ರಸ್ತೆ ಉಳಿಸುವ ಬದಲು ಆತ ಹಳೆಯ ಸೈಕಲ್ಲುಗಳನ್ನು ಅದರ ಮೇಲೆ ಬಿಟ್ಟ. ಸೈಕಲ್ಲಿಗೆ ದಾರಿ ಬೇಕಿತ್ತು, ದಾರಿಗೆ ಸೈಕಲ್ ಬೇಕಿತ್ತು. ನನಗೆ ತಿಳಿದಂತೆ ಇದಕ್ಕಿಂತ ಜಾಣ ರಸ್ತೆ ಚಳವಳಿ ಇನ್ನೊಂದಿಲ್ಲ.

ಅಕ್ಟೋಬರಿನ ಮೊದಲ ಭಾನುವಾರದ ಹೊತ್ತಿಗೆ ನಡೆಯುವ ಈ ಸವಾರಿಗೆ 1987ಕ್ಕಿಂತ ಹಿಂದಿನ ರೇಸ್ ಸೈಕಲ್ ಬೇಕು. ಗೇರ್ ಹಿಡಿ ಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲ್ಲಿನಿಂದ ಹೊರಗೆ ಕಮಾನಾಗಿ ಕಾಣಬೇಕು, ಪೆಡಲಿಗೆ ಚರ್ಮದ ಪಟ್ಟಿ ಇರಬೇಕು. ಉದ್ದದ ದಾರಿ 200 ಕಿ.ಮೀ. ಮೀರುತ್ತದೆ. ಅದಕ್ಕೆ ಹೊರಡುವವರು ನಸುಕಿಗೂ ಮುಂಚೆ, ದೀಪ ಸಾಲಿಟ್ಟ ಸೈಪ್ರಸ್ ಮರಗಳ ನಡುವೆ ಬ್ರೋಲಿಯೊ ಕೋಟೆಯ ಏರು ಹತ್ತುತ್ತಾರೆ. ದಾರಿಯ ತಂಗುದಾಣಗಳಲ್ಲಿ ಎನರ್ಜಿ ಜೆಲ್ಲಿನ ಪೊಟ್ಟಣಗಳಿಲ್ಲ. ಆಲಿವ್ ಎಣ್ಣೆ ಸುರಿದ ಬ್ರೆಡ್ಡು, ರಿಬೊಲ್ಲಿತಾ ಎಂಬ ಕಾಳು, ಸೊಪ್ಪು, ಹಳೇ ಬ್ರೆಡ್ಡಿನ ಗಟ್ಟಿ ಸಾರು, ಬೇಕೆಂದವರಿಗೆ ಕ್ಯಾಂತಿ ವೈನು. ಕಡಿದಾದ ಏರಿನಲ್ಲಿ ಇಳಿದು ತಳ್ಳುವವರೇ ಹೆಚ್ಚು, ಯಾರೂ ನಗುವುದಿಲ್ಲ. 2007ರಿಂದ ಇದೇ ದಾರಿಗಳ ಮೇಲೆ ವೃತ್ತಿಪರರ ರೇಸೂ ನಡೆಯುತ್ತಿದೆ, ಸಿಯೆನಾದ ಕಂಪೊ ಚೌಕದಲ್ಲಿ ಮುಗಿಯುತ್ತದೆ. 2010ರ ಜೀರೊ ದಿತಾಲಿಯಾ ರೇಸ್ ಮಳೆಯಲ್ಲಿ ಇಲ್ಲಿ ಹಾದುಹೋದಾಗ ಕೆಸರು ಮೆತ್ತಿ ಯಾರ ಜೆರ್ಸಿ ಯಾವ ಬಣ್ಣದ್ದೆಂದೇ ಗುರುತು ಸಿಗಲಿಲ್ಲ.

ಇಂಥ ಸೈಕಲ್ ಕೊಂಡವರು ಬಣ್ಣ ಹೊಸದು ಮಾಡಿಸಲು ಓಡದಿದ್ದರೆ ಒಳ್ಳೆಯದು. ಗೀರಿದ ಬಣ್ಣ, ಮಾಸಿದ ಹೆಸರಿನ ಅಚ್ಚು ಒಮ್ಮೆ ಹೋದರೆ ಹೋಯಿತು. ಇಟಲಿಯ ಸಂಗ್ರಾಹಕರು ಇದ್ದುದನ್ನು ಇದ್ದಂತೆ ಉಳಿಸಿದ ಸೈಕಲ್ಲಿಗೇ ಹೆಚ್ಚು ಬೆಲೆ ಕಟ್ಟುತ್ತಾರೆ. ಉಕ್ಕು ಸುಲಭಕ್ಕೆ ಕೈಕೊಡುವುದಿಲ್ಲ. ಆದರೆ ಹಳೆಯ ಅಲ್ಯೂಮಿನಿಯಂ ಹೇಳದೆ ಕೇಳದೆ ಮುರಿಯುತ್ತದೆ. ಹ್ಯಾಂಡಲ್, ಅದನ್ನು ಹಿಡಿದಿಡುವ ಸ್ಟೆಮ್, ಪೆಡಲ್ ಕ್ರ್ಯಾಂಕ್ ಇವುಗಳ ಮೂಲೆಗಳಲ್ಲಿ ಕೂದಲೆಳೆ ಬಿರುಕಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡಬೇಕು. ಇನ್ನೊಂದು ಇಟಾಲಿಯನ್ ಹಟ: ಪೆಡಲ್ ಆಕ್ಸಲ್ ಕೂರುವ ಕಪ್ಪುಗಳಿಗೆ ಅಲ್ಲಿ ಎರಡೂ ಬದಿಗೆ ಬಲಮರೆ, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯುವ ತಿರುಪು. ಇಂಗ್ಲಿಷ್ ಸೈಕಲ್ಲಿನಲ್ಲಿ ಚೈನಿನ ಬದಿಯದು ಎಡಮರೆ, ತುಳಿದಷ್ಟೂ ಬಿಗಿ. ಇದರಲ್ಲಿ ತುಳಿದಷ್ಟೂ ಸಡಿಲ. ಗ್ರೀಸು ಬದಲಿಸಿದಾಗ ಆ ಕಪ್ಪನ್ನು ಚೆನ್ನಾಗಿ ಬಿಗಿಯದೆ ಬಿಡಬಾರದು.

ಗೋಡೆಗೆ ತೂಗುಹಾಕಲು ತಕ್ಕ ಸೈಕಲ್ಲುಗಳೂ ಇಲ್ಲವೆಂದಲ್ಲ. ಕೊಮೊ ಸರೋವರದ ಮೇಲಿನ ಗಿಜಾಲ್ಲೊ ಬೆಟ್ಟದ ಪುಟ್ಟ ಚರ್ಚಿನಲ್ಲಿ, ಪೋಪರು 1949ರಲ್ಲಿ ಸೈಕಲ್ ಸವಾರರ ರಕ್ಷಕಿಯೆಂದು ಘೋಷಿಸಿದ ಮೇರಿ ಮಾತೆಯ ಮುಂದೆ, ಕೊಪ್ಪಿ, ಬಾರ್ತಲಿ, ಮೆರ್ಕ್ಸ್ ಏರಿದ ಸೈಕಲ್ಲುಗಳು ತೂಗುತ್ತಿವೆ. 1995ರ ಟೂರಿನಲ್ಲಿ ಇಳಿಜಾರಿನಲ್ಲಿ ಬಿದ್ದು ಸತ್ತ ಫಾಬಿಯೊ ಕಸಾರ್ತೆಲ್ಲಿಯ ಮುರಿದ ಸೈಕಲ್ಲೂ ಅಲ್ಲಿದೆ. ಅವುಗಳ ಓಟ ಮುಗಿದಿದೆ. ಮಿಕ್ಕವನ್ನು ಡ್ರಾಯಿಂಗ್ ರೂಮಿನಲ್ಲಿ ಮೊಳೆ ಹೊಡೆದು ನೇತುಹಾಕುವುದು ನನಗಂತೂ ಒಪ್ಪುವುದಿಲ್ಲ.

ಲೆರೊಯಿಕಾ ದಿನ ಸಿಗದವರೂ ಗಾಯೊಲೆಗೆ ಹೋಗಬಹುದು. ಆ ದಾರಿಗುಂಟ ವರ್ಷವಿಡೀ ನಿಲ್ಲುವ ಫಲಕಗಳನ್ನು ನೆಟ್ಟಿದ್ದಾರೆ. ಯಾವ ದಿನ ಬೇಕಾದರೂ, ಯಾವ ಸೈಕಲ್ಲಿನಲ್ಲಿ ಬೇಕಾದರೂ ಹೊರಡಬಹುದು. ಬೇಸಿಗೆಯಲ್ಲಿ ಬಿಳಿ ಧೂಳು, ಮಳೆ ಬಿದ್ದರೆ ಅದೇ ಅಂಟು ಕೆಸರು. ಏಪ್ರಿಲ್–ಮೇ ವಾಸಿ. ಟೈರು ಮಾತ್ರ 28 ಮಿ.ಮೀ.ಗಿಂತ ಸಪೂರದ್ದು ಬೇಡ.