ನಾಲ್ಕನೆಯ ವಿಷಯ, ಮತ್ತು ಅದಕ್ಕೂ ಮೊದಲಿನದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಯಾವ ಪಿಯು ಕಾಲೇಜಿನ ಕಚೇರಿ ಮುಂದೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ: "ಪಿಸಿಎಂಬಿ ಹಾಕಿಸಿದ್ರೆ ಎರಡೂ ಕಡೆಗೆ ಆಗುತ್ತಲ್ವಾ ಸಾರ್?" ಡಾಕ್ಟರಿಕೆಗೂ ಆಯಿತು, ಎಂಜಿನಿಯರಿಂಗಿಗೂ ಆಯಿತು ಎಂಬ ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ಎರಡು ವರ್ಷ ಅದನ್ನು ಓದಬೇಕಾದ ಹುಡುಗಿಯ ಬೆಳಗು ಸಂಜೆಗಳು ಆ ಲೆಕ್ಕದೊಳಗೆ ಸೇರಿರುವುದಿಲ್ಲ.

ನಮ್ಮ ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ವಿಜ್ಞಾನಕ್ಕೆ ಸೇರುವವರಲ್ಲಿ ಹೆಚ್ಚಿನವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇದ್ದೇ ಇರುತ್ತವೆ. ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ, ಸಂಖ್ಯಾಶಾಸ್ತ್ರವಾದರೆ ಪಿಸಿಎಂಎಸ್. ಮನೆಯ ಚರ್ಚೆಯೆಲ್ಲ ಈ ಕೊನೆಯ ಅಕ್ಷರದ ಸುತ್ತಲೇ ನಡೆಯುತ್ತದೆ. ನನಗೆ ಮುಖ್ಯವಾಗಿ ಕಾಣುವುದು ಅದರ ಹಿಂದೆ ಸದ್ದಿಲ್ಲದೆ ಕೂತಿರುವ 'ಎಂ'.

ಮೊದಲು ಕೊನೆಯ ಅಕ್ಷರದ ಮಾತು ಮುಗಿಸಿಬಿಡೋಣ. ಕಂಪ್ಯೂಟರ್ ಎಂಜಿನಿಯರ್ ಆಗಬೇಕಾದರೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಇರಲೇಬೇಕು ಎಂದು ಎಷ್ಟೋ ಮನೆಗಳಲ್ಲಿ ನಂಬಿದ್ದಾರೆ. ಹಾಗೇನೂ ಇಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಲೆಕ್ಕ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳನ್ನು. ಅರ್ಧ ತೂಕ ಪಿಯುಸಿ ಅಂಕಕ್ಕೆ, ಅರ್ಧ ಸಿಇಟಿ ಅಂಕಕ್ಕೆ. ಪ್ರೋಗ್ರಾಮಿಂಗ್ ಅನ್ನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೊದಲಿನಿಂದಲೇ ಕಲಿಸುತ್ತಾರೆ. ಎಂಬಿಬಿಎಸ್‌ಗೆ ಮಾತ್ರ ಜೀವಶಾಸ್ತ್ರ ಬಿಟ್ಟರೆ ನಡೆಯದು: ನೀಟ್‌ನ 720 ಅಂಕಗಳಲ್ಲಿ 360 ಅದರದ್ದೇ. ಆರ್ಕಿಟೆಕ್ಚರ್‌ಗೆ ಗಣಿತ ಬೇಕು. ಬಿ.ಫಾರ್ಮಾಗೆ ಗಣಿತ, ಜೀವಶಾಸ್ತ್ರ ಎರಡರಲ್ಲಿ ಒಂದಿದ್ದರೂ ಸಾಕು. ಸಂಶೋಧನೆಯ ಕಡೆ ಮನಸ್ಸಿರುವವರಿಗೆ ಪಿಸಿಎಂಬಿಯ ನಾಲ್ಕೂ ವಿಷಯ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಐಸರ್ ಸಂಸ್ಥೆಗಳ ಪ್ರವೇಶ ಪರೀಕ್ಷೆಯಲ್ಲಿ ನಾಲ್ಕರಿಂದಲೂ ತಲಾ 15 ಪ್ರಶ್ನೆ ಇರುತ್ತವೆ. ಇನ್ನು 'ಎರಡೂ ಕಡೆಗೆ ಇರಲಿ' ಎಂಬ ಒಂದೇ ಕಾರಣಕ್ಕೆ ಪಿಸಿಎಂಬಿ ಹಿಡಿದು, ನೀಟ್‌ಗೂ ಜೆಇಇಗೂ ಒಟ್ಟಿಗೆ ತಯಾರಾಗಲು ಹೊರಟ ಮಕ್ಕಳಲ್ಲಿ ಹಲವರು ಎರಡನೇ ವರ್ಷದ ಹೊತ್ತಿಗೆ ದಣಿದುಬಿಡುತ್ತಾರೆ. ಒಂದು ದಾರಿ ಸ್ಪಷ್ಟವಾಗಿದ್ದರೆ ಇನ್ನೊಂದನ್ನು ಧೈರ್ಯವಾಗಿ ಬಿಡಬಹುದು.

ಈಗ ಗಣಿತಕ್ಕೆ ಬರೋಣ. ಹತ್ತನೇ ತರಗತಿಯಲ್ಲಿ ವಿಜ್ಞಾನ ಒಂದು ಪುಸ್ತಕ, ಗಣಿತ ಇನ್ನೊಂದು. ಪಿಯುಸಿಯಲ್ಲಿ ಈ ಎರಡರ ನಡುವಿನ ಗೋಡೆ ಬಿದ್ದುಹೋಗುತ್ತದೆ, ಅದೂ ಮೊದಲ ತಿಂಗಳುಗಳಲ್ಲೇ. ಕರ್ನಾಟಕದಲ್ಲಿ 2012-13ರಿಂದ ಪಿಯುಸಿ ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯಕ್ರಮ ಬಂದಿದೆ. ಅದರಲ್ಲಿ ಭೌತಶಾಸ್ತ್ರದ ಆರಂಭಕ್ಕೇ ಚಲನೆಯ ಪಾಠವಿದೆ, ಅಲ್ಲಿಯೇ ಕ್ಯಾಲ್ಕುಲಸ್ ಬೇಕಾಗುತ್ತದೆ. ಗಣಿತದ ಪುಸ್ತಕದಲ್ಲಿ ಕ್ಯಾಲ್ಕುಲಸ್ ಬರುವುದು ಕೊನೆಯ ಅಧ್ಯಾಯಗಳಲ್ಲಿ. ವೆಕ್ಟರ್‌ಗಳದೂ ಇದೇ ಕಥೆ: ಭೌತಶಾಸ್ತ್ರಕ್ಕೆ ಒಂದನೇ ಪಿಯುಸಿಯಲ್ಲೇ ಬೇಕು, ಗಣಿತದಲ್ಲಿ ಎರಡನೇ ಪಿಯುಸಿಯ ಪಾಠ. ಜುಲೈ ಆಗಸ್ಟ್‌ನಲ್ಲಿ 'ಫಿಸಿಕ್ಸ್ ಅರ್ಥವಾಗ್ತಿಲ್ಲ' ಎಂದು ಮುಖ ಸಣ್ಣದು ಮಾಡಿಕೊಳ್ಳುವ ಮಗುವಿಗೆ ಎಷ್ಟೋ ಸಲ ಅರ್ಥವಾಗದೆ ಇರುವುದು ಫಿಸಿಕ್ಸ್ ಅಲ್ಲ, ಅದಕ್ಕೆ ಇನ್ನೂ ಯಾರೂ ಹೇಳಿಕೊಡದ ಗಣಿತ. ಇದನ್ನು ಆ ಮಗುವಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ತಾನೇ ದಡ್ಡ ಎಂದುಕೊಳ್ಳುತ್ತದೆ.

ಆ ಗಣಿತ ಎಷ್ಟು ಕಷ್ಟ? ಗುಡ್ಡದ ಅಂಚಿನಿಂದ ಕಲ್ಲೊಂದನ್ನು ಕೈಬಿಟ್ಟಿರಿ ಎನ್ನಿ. ಲೆಕ್ಕ ಸುಲಭವಾಗಲೆಂದು ಗುರುತ್ವವನ್ನು 10 ಎಂದು ಹಿಡಿದರೆ, ಅದು ಬಿದ್ದ ದೂರ = 5 × ಕಾಲ × ಕಾಲ. 2 ಸೆಕೆಂಡಿಗೆ 20 ಮೀಟರ್. ಸರಿಯಾಗಿ ಆ 2ನೇ ಸೆಕೆಂಡಿನ ಕ್ಷಣದಲ್ಲಿ ಕಲ್ಲಿನ ವೇಗವೆಷ್ಟು? 2.1 ಸೆಕೆಂಡಿಗೆ ದೂರ 22.05 ಮೀಟರ್, ಅಂದರೆ 0.1 ಸೆಕೆಂಡಿನಲ್ಲಿ 2.05 ಮೀಟರ್, ವೇಗ 20.5. ಅಂತರವನ್ನು ಇನ್ನೂ ಕಿರಿದು ಮಾಡಿ: 2.01 ಸೆಕೆಂಡಿಗೆ 20.2005 ಮೀಟರ್, ವೇಗ 20.05. ಹೀಗೆ ಅಂತರ ಕುಗ್ಗಿದಷ್ಟೂ ಉತ್ತರ 20ರ ಹತ್ತಿರಕ್ಕೆ ಜರುಗುತ್ತದೆ. ಆ 20 ಎಂಬುದೇ ಆ ಕ್ಷಣದ ವೇಗ. ಕ್ಯಾಲ್ಕುಲಸ್‌ನ ಮೂಲ ಆಲೋಚನೆ ಇದೇ. ಗುಣಾಕಾರ ಭಾಗಾಕಾರ ಬಲ್ಲ ಯಾವ ಮಗುವಾದರೂ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಇದನ್ನು ಮಾಡಿನೋಡಬಹುದು.

ರಸಾಯನಶಾಸ್ತ್ರದಲ್ಲಿ ಲಾಗರಿದಮ್ ಇಲ್ಲದೆ ದ್ರಾವಣದ ಪಿಎಚ್ ಮೌಲ್ಯವೂ ಇಲ್ಲ, ರಾಸಾಯನಿಕ ಕ್ರಿಯೆಗಳ ವೇಗದ ಲೆಕ್ಕವೂ ಇಲ್ಲ. ಗಣಿತ ಕಂಡರೆ ಹೆದರಿಕೆ, ಅದಕ್ಕೇ ಜೀವಶಾಸ್ತ್ರ ಎನ್ನುವವರೂ ಇದ್ದಾರೆ. ಮೆಂಡೆಲ್‌ನ ಬಟಾಣಿ ಗಿಡಗಳ 9:3:3:1 ಅನುಪಾತ ಸಂಭವನೀಯತೆಯ ಲೆಕ್ಕವಲ್ಲದೆ ಇನ್ನೇನು? ನಾಲ್ಕರಲ್ಲಿ ಮೂರು ಇಂಟು ನಾಲ್ಕರಲ್ಲಿ ಮೂರು, ಅಂದರೆ ಹದಿನಾರರಲ್ಲಿ ಒಂಬತ್ತು. ಎರಡನೇ ಪಿಯುಸಿ ಜೀವಶಾಸ್ತ್ರದಲ್ಲಿ ಹಾರ್ಡಿ-ವೈನ್‌ಬರ್ಗ್ ಸೂತ್ರವೊಂದಿದೆ. ಒಂದು ಜೀವಿಸಮೂಹದಲ್ಲಿ ಜೀನ್ ರೂಪಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಯಾವಾಗ ಬದಲಾಗದೆ ನಿಲ್ಲುತ್ತದೆ ಎನ್ನುವ ಸೂತ್ರ. ಬಿಡಿಸಿ ನೋಡಿದರೆ ಹೈಸ್ಕೂಲಿನ 'ಎ ಪ್ಲಸ್ ಬಿ ಹೋಲ್ ಸ್ಕ್ವೇರ್'. 1908ರಲ್ಲಿ ಅದನ್ನು ಬರೆದ ಇಬ್ಬರಲ್ಲಿ ಒಬ್ಬರಾದ ಜಿ.ಎಚ್. ಹಾರ್ಡಿ ಗಣಿತಜ್ಞ, ಮುಂದೆ ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡವರು.

ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಇನ್ನೊಂದು ಹೊರೆಯಿದೆ. ಮೇವರೆಗೆ ವೇಗೋತ್ಕರ್ಷವಾಗಿದ್ದದ್ದು ಜೂನ್‌ನಲ್ಲಿ ಆಕ್ಸಲರೇಶನ್ ಆಗುತ್ತದೆ. ಸಂವೇಗ ಮೊಮೆಂಟಮ್, ರೋಧ ರೆಸಿಸ್ಟೆನ್ಸ್, ಪ್ರತ್ಯಾಮ್ಲ ಬೇಸ್. ತಿಳಿದ ವಿಷಯವೇ ಗುರುತು ಸಿಗದ ವೇಷದಲ್ಲಿ ಎದುರಾಗುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಿದ್ದಾಗ ಮಗು ವಿಜ್ಞಾನವನ್ನೇ ಬಿಡಲು ಹೊರಡುತ್ತದೆ. ದಯವಿಟ್ಟು ಅಷ್ಟು ಬೇಗ ಬಿಡಿಸಬೇಡಿ. ಇಲ್ಲೊಂದು ಸಮಾಧಾನವೂ ಇದೆ: ಗಣಿತದಲ್ಲಿ ಚಿಹ್ನೆಗಳು ಮಾಧ್ಯಮ ಬದಲಾದರೂ ಬದಲಾಗುವುದಿಲ್ಲ. ಪದಗಳ ರಾಶಿ ಹೆಚ್ಚಿರುವುದು ಜೀವಶಾಸ್ತ್ರದಲ್ಲಿ. ಆದ್ದರಿಂದ ಕನ್ನಡ ಮಾಧ್ಯಮದ ಮಗುವಿಗೆ ಜೀವಶಾಸ್ತ್ರ ಸುಲಭ, ಗಣಿತ ಕಷ್ಟ ಎಂಬ ಊಹೆ ಎಷ್ಟೋ ಸಲ ತಲೆಕೆಳಗಾಗುತ್ತದೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ ಬರೆದ ಒಂದು ನೋಟ್‌ಬುಕ್ ಏಪ್ರಿಲ್‌ನಲ್ಲೇ ಶುರುವಾದರೆ ಜೂನ್ ಹಗುರಾಗುತ್ತದೆ.

ಹಾಗಾದರೆ ಆಯ್ಕೆಗೆ ಆಧಾರ ಯಾವುದು? ಎಸ್ಸೆಸ್ಸೆಲ್ಸಿ ಅಂಕ ಅರ್ಧ ಮಾತ್ರ ಹೇಳುತ್ತದೆ. ಮಾದರಿ ಪ್ರಶ್ನೆಗಳನ್ನು ತಿದ್ದಿ ತೀಡಿ 90 ತೆಗೆದವರೂ ಇದ್ದಾರೆ, ಅರ್ಥ ಮಾಡಿಕೊಂಡು 70 ತೆಗೆದವರೂ ಇದ್ದಾರೆ. ಅರ್ಜಿ ತುಂಬುವ ಮುನ್ನ ಪಕ್ಕದ ಮನೆಯ ಅಕ್ಕನದೋ ಅಣ್ಣನದೋ ಒಂದನೇ ಪಿಯುಸಿ ಗಣಿತದ ಪುಸ್ತಕ ತಂದು, ತ್ರಿಕೋನಮಿತಿಯ ಅಧ್ಯಾಯವನ್ನು ಒಂದು ವಾರ ಮಗು ತಾನೇ ಮಾಡಲಿ. ಉತ್ತರ ತಪ್ಪಲಿ, ಅಡ್ಡಿಯಿಲ್ಲ. ತಪ್ಪಿದ ಲೆಕ್ಕಕ್ಕೆ ಮರುದಿನ ತಾನಾಗಿ ಮರಳುತ್ತದೆಯೇ ಎಂದು ನೋಡಿ. ಮರಳಿದರೆ ನಾಲ್ಕನೆಯ ವಿಷಯ ಯಾವುದಾದರೂ ಆ ಮಗು ನಿಭಾಯಿಸುತ್ತದೆ.

ಮರಳದಿದ್ದರೆ ವಾಣಿಜ್ಯ, ಕಲೆ ಇವೆ. ಕೈಕೆಲಸದಲ್ಲಿ ಆಸಕ್ತಿಯಿದ್ದರೆ ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ ಇದೆ, ಅಲ್ಲಿಂದ ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಸೇರಬಹುದು. ಪಿಸಿಎಂಸಿ ಓದಿದ ಮೇಲೆ ವೈದ್ಯಕೀಯದ ಕಡೆ ಮನಸ್ಸು ತಿರುಗಿದವರಿಗೂ 2023ರಿಂದ ಒಂದು ದಾರಿ ತೆರೆದಿದೆ: ಜೀವಶಾಸ್ತ್ರವನ್ನು ಆಮೇಲೆ ಹೆಚ್ಚುವರಿ ವಿಷಯವಾಗಿ ಓದಿ ಪಾಸಾದವರೂ ನೀಟ್ ಬರೆಯಬಹುದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ತಿಳಿಸಿದೆ. ಕೊನೆಯ ಅಕ್ಷರದ ಬಗ್ಗೆ ಮನೆಯಲ್ಲಿ ಊಟ ಬಿಟ್ಟು ಜಗಳವಾಡುವ ಅಗತ್ಯ ಮೊದಲಿನಷ್ಟು ಈಗ ಇಲ್ಲ. ಆ ಹೊತ್ತನ್ನು ಗುಡ್ಡದಿಂದ ಬೀಳುವ ಕಲ್ಲಿನ ಲೆಕ್ಕಕ್ಕೆ ಕೊಡಿ, ಮಗುವಿನ ಪಕ್ಕದಲ್ಲಿ ಕೂತು.