ನಿವೃತ್ತರ ದಿನಚರಿ: ಇಬ್ಬರ ಪಾಲು

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ನೌಕರಿಯಿಂದ ನಿವೃತ್ತರಾದ ಅಜ್ಜ ಇದ್ದಾರೆಯೇ? ಜೊತೆಗೆ ಅಜ್ಜಿಯೂ ಇದ್ದರೆ ಅವರಿಬ್ಬರ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಗಮನಿಸಿ ನೋಡಿ. ಅದೇ ಹೊತ್ತಿಗೆ ಚಹಾ, ಅದೇ ದಾರಿಯ ತಿರುಗಾಟ, ಅದೇ ಕುರ್ಚಿ, ಅದೇ ಸಣ್ಣ ಜಗಳ. ನಿಮಗೆ ಬೇಸರ ಬಂದೀತು. ಆದರೆ ಈ ಒಂದೇ ಬಗೆಯ ದಿನಗಳ ಒಳಗೆ ಒಂದು ಮುಖ್ಯ ಕೆಲಸ ನಡೆಯುತ್ತಿರುತ್ತದೆ.

ಧಾರವಾಡದ ಪಶ್ಚಿಮಕ್ಕೆ, ಗೋವೆಯ ರಸ್ತೆಯಲ್ಲಿ ಕೆಲಗೇರಿ ಇದೆ. ಹಿಂದೆ ಅದು ಬೇರೆಯೇ ಹಳ್ಳಿ. ಈಗ ಧಾರವಾಡ ನಗರದ ಭಾಗ. ಅಲ್ಲೊಂದು ದೊಡ್ಡ ಕೆರೆ. ಧಾರವಾಡವೆಂದರೆ ಕಲಿಸುವವರ, ಕಚೇರಿಯವರ ಊರು. 1917ರಲ್ಲಿ ಕರ್ನಾಟಕ ಕಾಲೇಜು ಬಂತು, 1950ರಲ್ಲಿ ಆಕಾಶವಾಣಿ, 1986ರಲ್ಲಿ ಕೃಷಿ ವಿಶ್ವವಿದ್ಯಾಲಯ. ಹೀಗೆ ನೌಕರಿಗೆಂದು ಬಂದು ಇಲ್ಲಿಯೇ ನೆಲೆನಿಂತ ಕುಟುಂಬಗಳು ಬಹಳ. ಬೆಳಿಗ್ಗೆ ಕೆರೆಯ ಕಡೆಗೆ ಹೋದರೆ ಅಂಥ ಹಿರಿಯರು ಜೋಡಿ ಜೋಡಿಯಾಗಿ ನಡೆಯುವುದು ಕಾಣುತ್ತದೆ. ಜೋಡಿ ಎಂದೆ, ಆದರೆ ಯಜಮಾನರು ನಾಲ್ಕು ಹೆಜ್ಜೆ ಮುಂದೆ, ಮನೆಯವರು ಹಿಂದೆ!

ನಿವೃತ್ತಿ ಎಂದರೆ ಏನು? ಕರ್ನಾಟಕದ ಸರ್ಕಾರಿ ನೌಕರರಿಗೆ ಅದರ ವಯಸ್ಸು 58 ಇದ್ದದ್ದು 2008ರಲ್ಲಿ 60 ಆಯಿತು. ಒಂದು ಸಂಜೆ ಹಾರ, ಶಾಲು, ಗುಂಪಿನ ಫೋಟೋ. ಮರುದಿನ ಹತ್ತು ಗಂಟೆಗೆ ಹೋಗಬೇಕಾದ ಜಾಗವೇ ಇಲ್ಲ. ಮೂವತ್ತು-ಮೂವತ್ತೈದು ವರ್ಷ ಹಗಲು ಹೊತ್ತಿನಲ್ಲಿ ಆ ಮನೆ ಅಜ್ಜಿಯದೇ ಆಗಿತ್ತು. ಈಗ ಅಜ್ಜ ಅಲ್ಲಿಯೇ ಇರುತ್ತಾರೆ. ಮಾಡಲು ಕೆಲಸವಿಲ್ಲದೆ ಅಡಿಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಾರೆ, ಎಣ್ಣೆಯ ಲೆಕ್ಕ ಕೇಳುತ್ತಾರೆ. "ಏನ್ರೀ, ನನ್ನ ಅಡಿಗಿಮನಿಯೊಳಗ ಕಚೇರಿ ತೆಗದೀರೇನು?" ಎಂಬ ಮಾತು ಬರುವುದು ಆಗಲೇ.

ಈ ಮಾತಿನ ಹಿಂದೆ ನ್ಯಾಯವಿದೆ. ಮನೆಗೆಲಸಕ್ಕೆ 60ನೇ ವರ್ಷ ಎಂಬುದಿಲ್ಲ. 2019ರಲ್ಲಿ ನಡೆದ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅಂಥ ಕೆಲಸ ಮಾಡುವ ಪುರುಷರು 97 ನಿಮಿಷ. ಅಷ್ಟಾದರೂ ಮಾಡುತ್ತಿದ್ದ ಪುರುಷರು ನಾಲ್ವರಲ್ಲಿ ಸುಮಾರು ಒಬ್ಬರು ಮಾತ್ರ. ಅಜ್ಜನಿಗೆ ಸಿಕ್ಕ ವಿರಾಮ ಅಜ್ಜಿಗೆ ಹೆಚ್ಚುವರಿ ಚಹಾ ಮಾಡುವ ಕೆಲಸವಾಗಿ ಬಿಟ್ಟರೆ ಅದು ಒಬ್ಬರ ನಿವೃತ್ತಿ ಅಷ್ಟೇ.

ಆದ್ದರಿಂದಲೇ ಸಣ್ಣ ಕೆಲಸಗಳ ಹಂಚಿಕೆ ಮುಖ್ಯ. ಬೆಳಗಿನ ಮೊದಲ ಚಹಾ ಅಜ್ಜ ಮಾಡುವ ಮನೆಗಳಿವೆ. ಆಮೇಲೆ ವರಾಂಡದಲ್ಲಿ ನಿನ್ನೆಯ ಪತ್ರಿಕೆ ಹಾಸಿ ಇಬ್ಬರೂ ಮೆಂತ್ಯ ಪಲ್ಯ ಸೋಸುತ್ತಾರೆ. ನಡುವೆ ಅಜ್ಜ ಇಂದಿನ ಪತ್ರಿಕೆಯ ನಿಧನ ವಾರ್ತೆಯನ್ನು ಗಟ್ಟಿಯಾಗಿ ಓದಿದರೆ, ತೀರಿಕೊಂಡವರು ಯಾರ ಬೀಗರು, ಯಾವ ಓಣಿಯವರು ಎಂದು ಅಜ್ಜಿ ಬಿಡಿಸಿ ಹೇಳುತ್ತಾರೆ. ಸಂಜೆ ಕಟ್ಟೆಯ ಮೇಲೆ ಚುರುಮುರಿ, ಹಸಿ ಉಳ್ಳಾಗಡ್ಡಿ, ನಾಲ್ಕು ಶೇಂಗಾ. ಮಳೆ ಪಡುವಣದಿಂದ ಏರಿ ಬರುವುದನ್ನು ನೋಡುತ್ತ ಕೂಡುವುದಕ್ಕೆ ದುಡ್ಡು ಬೇಕಿಲ್ಲ. ಹೊಸ ದಾಂಪತ್ಯಕ್ಕೆ ನಮ್ಮಲ್ಲಿ 1942ರ 'ಮೈಸೂರ ಮಲ್ಲಿಗೆ' ಇದೆ; ಪಲ್ಯ ಸೋಸುವ ಹಳೆಯ ದಾಂಪತ್ಯದ ಸೊಗಸು ಅದಕ್ಕೇನೂ ಕಡಿಮೆಯಲ್ಲ ಎಂದು ನನಗನ್ನಿಸುತ್ತದೆ.

ಇನ್ನು ಆ ಮುಖ್ಯ ಕೆಲಸಕ್ಕೆ ಬರೋಣ. ಇಬ್ಬರಲ್ಲಿ ಒಬ್ಬರು ಮೊದಲು ಹೋಗುತ್ತಾರೆ. ಹೇಳಲು ಕಠಿಣ, ಆದರೆ ನಿಜ. ಅಜ್ಜಿ ಮೊದಲು ಹೋದರೆ, ಒಂದು ಲೋಟ ಅಕ್ಕಿಗೆ ಎಷ್ಟು ನೀರು ಎಂಬುದು ಅಜ್ಜನಿಗೆ ಗೊತ್ತಿರುವುದಿಲ್ಲ. ತಾವೇ ನುಂಗುವ ರಕ್ತದೊತ್ತಡದ ಗುಳಿಗೆಯ ಹೆಸರೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಅಜ್ಜ ಮೊದಲು ಹೋದರೆ, ಬ್ಯಾಂಕಿನ ಚೀಟಿಗೆ ಎಂದೂ ಸಹಿ ಮಾಡದ ಅಜ್ಜಿ ಕುಟುಂಬ ಪಿಂಚಣಿಗಾಗಿ ಕಾಗದ ಹಿಡಿದು ತಿರುಗಬೇಕಾಗುತ್ತದೆ. ಪಿಂಚಣಿಯ ಖಾತೆ ಇಬ್ಬರ ಹೆಸರಿನಲ್ಲಿದ್ದರೆ ಈ ತಿರುಗಾಟ ಎಷ್ಟೋ ತಗ್ಗುತ್ತದೆ. ಜೊತೆಯಾಗಿ ಪಲ್ಯ ಸೋಸುವಾಗ, ಜೊತೆಯಾಗಿ ಬ್ಯಾಂಕಿಗೆ ಹೋಗುವಾಗ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ದಾಟುತ್ತಿರುತ್ತದೆ. ಪಾಠವೆಂದು ಯಾರೂ ಹೇಳುವುದಿಲ್ಲ, ಅಷ್ಟೇ.

ಪಿಂಚಣಿದಾರರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರಿನಲ್ಲಿ, ತಾವು ಬದುಕಿದ್ದೇವೆ ಎಂಬ ಪ್ರಮಾಣ ಪತ್ರ ಕೊಡಬೇಕು. 2014ರಲ್ಲಿ ಕೇಂದ್ರ ಸರ್ಕಾರ ಇದನ್ನು ಬೆರಳಚ್ಚಿನ ಮೂಲಕ ಕೊಡುವ 'ಜೀವನ್ ಪ್ರಮಾಣ್' ಏರ್ಪಾಡು ಮಾಡಿತು. ವಯಸ್ಸಾದವರ ಬೆರಳಿನ ಗೆರೆ ಸವೆದಿರುವುದರಿಂದ ಯಂತ್ರ ಕೆಲವೊಮ್ಮೆ ಒಪ್ಪುತ್ತಿರಲಿಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ಈ ಕೆಲಸ ಹೇಗೂ ಮೊಮ್ಮಕ್ಕಳಾದ ನಿಮ್ಮ ಪಾಲಿಗೇ ಬರುತ್ತದೆ. ಆಗ ಅಜ್ಜಿಯನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ಪಿಂಚಣಿ ಪುಸ್ತಕ ಯಾವ ಪೆಟ್ಟಿಗೆಯಲ್ಲಿದೆ ಎಂದು ಅವರನ್ನೇ ಕೇಳಿ ನೋಡಿ. ಅಕ್ಕಿಗೆ ನೀರೆಷ್ಟು ಎಂದು ಅಜ್ಜನನ್ನು ಕೇಳಿ.